ಒಂದು ಗೇಣು ಮಣ್ಣು

ಚೆನ್ನೈಗೆ ಬಂದ ಹೊಸದರಲ್ಲಿ ಭಾನುವಾರ ಬೆಳಗ್ಗೆ ಕೋಯಂಬೇಡು ಮಾರುಕಟ್ಟೆಗೆ ಹೋಗುವುದೆಂದರೆ ನನಗೆ ಊರಿಗೆ ಹೋಗಿ ಬಂದಷ್ಟು ಸಮಾಧಾನ. ಅಲ್ಲಿ ಸಾಂಬಾರ್ ಈರುಳ್ಳಿ ಮಾರುವ ಹಿರಿಯರೊಬ್ಬರಿದ್ದರು. ಹೊಸ ಮೂಟೆ ಬಿಚ್ಚಿದಾಗಲೆಲ್ಲ ಒಂದು ಗೊಂಚಲು ಎತ್ತಿ, ಬುಡಕ್ಕೆ ಅಂಟಿದ ಒಣಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, ‘ಸೆಮ್ಮಣ್’ ಎಂದೋ ‘ಕರಿಸಲ್’ ಎಂದೋ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಕೆಂಪುಮಣ್ಣು, ಕರಿಮಣ್ಣು. ಕೆಂಪಿನದಕ್ಕೆ ಕಿಲೋಗೆ ಎರಡು ಮೂರು ರೂಪಾಯಿ ಹೆಚ್ಚು. ಏಕೆಂದು ಕೇಳಿದ್ದಕ್ಕೆ, ‘ಕೊಳೆಯುವುದಿಲ್ಲ ತಂಬಿ, ಇಟ್ಟಲ್ಲೇ ಇರುತ್ತದೆ’ ಎಂದಿದ್ದರು. ನಮ್ಮದು ಗುಂಡ್ಲುಪೇಟೆ ಕಡೆ ಎಂದು ತಿಳಿದ ಮೇಲಂತೂ, ‘ನಿಮ್ಮ ಊರಿನ ಮಣ್ಣು ನನಗೆ ಗೊತ್ತು’ ಎಂದು ನಗುತ್ತಿದ್ದರು.

ಅವರಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ, ಮುಂದೆ ಹೇಳಲಿರುವ ಒಂದು ತಪ್ಪನ್ನು ನಾನು ಮಾಡುತ್ತಿರಲಿಲ್ಲ. ಆ ತಪ್ಪು ಅರ್ಥವಾಗಬೇಕಾದರೆ ಈ ಪುಟ್ಟ ಗಡ್ಡೆಗೂ ಮಣ್ಣಿಗೂ ಇರುವ ನಂಟಿನ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಒಂದೇ ಬಿತ್ತನೆ, ಎರಡು ಹೊಲ

ನಮ್ಮ ಮನೆಗೆ ಎರಡು ತುಂಡು ಭೂಮಿ. ದಿಣ್ಣೆಯ ಮೇಲಿನದು ಕೆಂಪು ಹೊಲ, ಹಳ್ಳದ ಕಡೆಗಿನದು ಎರೆ ಹೊಲ. ಚಾಮರಾಜನಗರ ಜಿಲ್ಲೆಯ ಬಹುಪಾಲು ಕಡೆ ಭೂಮಿ ಹೀಗೇ ಹಾಸಿಕೊಂಡಿದೆ. ಲಕ್ಷಾಂತರ ವರ್ಷ ಬಂಡೆ ಕರಗಿ ಇಳಿಜಾರಿನ ಮೇಲುಭಾಗದಲ್ಲಿ ಕೆಂಪುಮಣ್ಣು ಉಳಿಯಿತು. ನೀರಿನೊಂದಿಗೆ ಇಳಿದುಬಂದ ಜೇಡಿಯೂ ಸುಣ್ಣವೂ ತಗ್ಗಿನಲ್ಲಿ ಸೇರಿ ಕರಿಮಣ್ಣಾಯಿತು. ಒಂದು ಕೂಗಳತೆಯಲ್ಲಿ ಎರಡು ಬೇರೆಯೇ ಲೋಕ.

ಸಣ್ಣ ಈರುಳ್ಳಿಯನ್ನು ಹೆಚ್ಚಿನ ಕಡೆ ಬೀಜದಿಂದ ಬೆಳೆಯುವುದಿಲ್ಲ. ಹಿಂದಿನ ಫಸಲಿನ ಗಡ್ಡೆಗಳನ್ನೇ ನೆಡುತ್ತಾರೆ. ನೆಟ್ಟ ಒಂದು ಗಡ್ಡೆ ಒಳಗೊಳಗೇ ಸೀಳಿಕೊಂಡು ಐದೋ ಎಂಟೋ ಗಡ್ಡೆಯ ಗೊಂಚಲಾಗುತ್ತದೆ. ಹಾಗಾಗಿ ನಮ್ಮ ಅಟ್ಟದಲ್ಲಿ ನೇತುಬಿದ್ದಿದ್ದ ಬಿತ್ತನೆ ತಾತನ ಕಾಲದ್ದೇ. ವರ್ಷ ವರ್ಷವೂ ಅದೇ ಗಿಡ ಮತ್ತೆ ಮತ್ತೆ ಹುಟ್ಟುತ್ತಿತ್ತು. ಇಳುವರಿಯನ್ನು ಮನೆಯಲ್ಲಿ ಕ್ವಿಂಟಾಲಿನ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ‘ಒಂದಕ್ಕೆ ಎಷ್ಟು’ ಎಂಬುದೇ ಮಾತು. ಒಂದು ಚೀಲ ನೆಟ್ಟರೆ ಎಷ್ಟು ಚೀಲ ಬಂತು? ಕೆಂಪು ಹೊಲದಲ್ಲಿ ಒಂದಕ್ಕೆ ಎಂಟು, ಒಳ್ಳೆಯ ವರ್ಷ ಹತ್ತು. ಒಮ್ಮೆ ಕೆಂಪು ಹೊಲದಲ್ಲಿ ಬೇರೆ ಬೆಳೆ ಇದ್ದುದರಿಂದ ಅದೇ ಬಿತ್ತನೆಯನ್ನು ಎರೆ ಹೊಲಕ್ಕೆ ಹಾಕಿದರು. ಒಂದಕ್ಕೆ ನಾಲ್ಕು ಬಂತು, ಅದರಲ್ಲೂ ಕಾಲುಭಾಗ ಅಟ್ಟ ಸೇರುವ ಮೊದಲೇ ಕೊಳೆಯಿತು.

ಅದೇ ಗಿಡ, ಅದೇ ಮಳೆ, ಅದೇ ಕೈಗಳು. ಬೇರೆಯಾಗಿದ್ದುದು ಮಣ್ಣು ಮಾತ್ರ. ವಿಜ್ಞಾನಿಗಳು ಕಷ್ಟಪಟ್ಟು ಏರ್ಪಡಿಸುವ ಪ್ರಯೋಗವೊಂದು ನಮ್ಮ ಮನೆಯಲ್ಲಿ ತಾನಾಗಿಯೇ ನಡೆದುಹೋಗಿತ್ತು. ಅದರ ಫಲಿತಾಂಶವನ್ನು ತಾತ ಹೇಳಿದ್ದು ಹೀಗೆ: ‘ಉಳ್ಳಿ ಬೇರು ಗೇಣುದ್ದ ಕನ್ಲಾ. ಆ ಗೇಣು ಮಣ್ಣ ನೀ ಸಾಕುದ್ರ ಅದು ನಿನ್ನ ಸಾಕ್ತದ.’

ಬೇರಿನ ಲೆಕ್ಕ

ಐರೋಪ್ಯರು ಈ ಗಡ್ಡೆಯನ್ನು ‘ಶಾಲಟ್’ ಎನ್ನುತ್ತಾರೆ. ಆ ಹೆಸರು ಮೆಡಿಟರೇನಿಯನ್ ದಂಡೆಯ ಪುರಾತನ ಪಟ್ಟಣ ಆಸ್ಕಲಾನ್‌ನಿಂದ ಬಂದದ್ದು. ಗ್ರೀಕರ ಥಿಯೋಫ್ರಾಸ್ಟಸ್, ರೋಮನ್ನರ ಪ್ಲೈನಿ ಇಬ್ಬರೂ ಆಸ್ಕಲಾನ್ ಈರುಳ್ಳಿಯ ಬಗ್ಗೆ ಬರೆದಿದ್ದಾರೆ. ಬಹಳ ಕಾಲ ಸಸ್ಯಶಾಸ್ತ್ರಜ್ಞರು ಇದನ್ನು ಬೇರೆಯೇ ಜಾತಿ ಎಂದು ತಿಳಿದಿದ್ದರು. ಈಗ ದೊಡ್ಡ ಈರುಳ್ಳಿಯ ಜಾತಿಯಲ್ಲೇ ಗೊಂಚಲು ಕಟ್ಟುವ ಒಂದು ಗುಂಪು ಎಂದು ಒಪ್ಪಿಕೊಂಡಿದ್ದಾರೆ.

ಹೆಸರು ಏನೇ ಇರಲಿ, ಬೇರು ಮಾತ್ರ ಬಡಪಾಯಿಯದು. ಜೋಳವೋ ತೊಗರಿಯೋ ಆದರೆ ಬೇರು ಆಳಕ್ಕಿಳಿದು, ಕವಲೊಡೆದು, ಕೂದಲಿನಂಥ ಸಾವಿರಾರು ಎಳೆ ಬಿಟ್ಟು ಮಣ್ಣನ್ನು ಜಾಲಾಡುತ್ತದೆ. ಈರುಳ್ಳಿಯ ಬೇರುಗಳೋ ಬಿಳಿಯ ದಾರದ ಹಾಗೆ ನೆಟ್ಟಗೆ ಇಳಿಯುತ್ತವೆ. ಕವಲು ಕಡಿಮೆ, ಬೇರುಗೂದಲು ಇಲ್ಲವೆನ್ನುವಷ್ಟು ಕಡಿಮೆ. ಬಹುಪಾಲು ಬೇರುಗಳು ಮೇಲಿನ ಇಪ್ಪತ್ತು, ಇಪ್ಪತ್ತೈದು ಸೆಂಟಿಮೀಟರಿನಲ್ಲೇ ಇರುತ್ತವೆ. ತಾತನ ಗೇಣು ಅಂದರೆ ಹೆಚ್ಚುಕಡಿಮೆ ಅಷ್ಟೇ. ರಂಜಕದಂತಹ, ಮಣ್ಣಿನಲ್ಲಿ ಸುಲಭವಾಗಿ ಹರಿದಾಡದ ಪೋಷಕಾಂಶವನ್ನು ಇಂಥ ಬೇರು ತಾನೇ ಹುಡುಕಿ ತರಲಾರದು. ಬೇರಿನ ಸುತ್ತ ಬದುಕುವ ಒಂದು ಬಗೆಯ ಶಿಲೀಂಧ್ರ ತನ್ನ ಎಳೆಗಳನ್ನು ಚಾಚಿ ಅದನ್ನು ತಂದುಕೊಡುತ್ತದೆ. ಅಂದರೆ ಈ ಬೆಳೆಗೆ ಮೇಲ್ಮಣ್ಣು ಅಷ್ಟೇ ಅಲ್ಲ, ಜೀವ ಇರುವ ಮೇಲ್ಮಣ್ಣು ಬೇಕು.

ಇನ್ನು ಗಡ್ಡೆ. ಅದು ಮಣ್ಣಿನೊಳಗೇ ಊದಿಕೊಳ್ಳಬೇಕು. ಮರಳು ಬೆರೆತ ಸಡಿಲ ಕೆಂಪುಮಣ್ಣು ಜಾಗ ಬಿಟ್ಟುಕೊಡುತ್ತದೆ. ಕರಿಮಣ್ಣಿನ ಜೇಡಿ ಮಳೆ ಬಂದರೆ ಹಿಗ್ಗಿ ಗಡ್ಡೆಯನ್ನು ಅಮುಕುತ್ತದೆ, ಒಣಗಿದರೆ ಬಿರಿದು ಬೇರನ್ನು ಹರಿಯುತ್ತದೆ. ನೀರು ನಿಂತರೆ ಬೇರಿಗೆ ಉಸಿರು ಕಟ್ಟಿ ಬುಡ ಕೊಳೆಯುವ ರೋಗ ಹತ್ತುತ್ತದೆ. ಕೀಳುವಾಗ ಹಸಿ ಜೇಡಿ ಮೆತ್ತಿಕೊಂಡು ಬಂದ ಗಡ್ಡೆ ಬೇಗ ಒಣಗುವುದಿಲ್ಲ, ಅಟ್ಟದಲ್ಲಿ ಕೊಳೆಯುತ್ತದೆ. ಕೋಯಂಬೇಡಿನ ಹಿರಿಯರು ಬೆರಳಲ್ಲಿ ಉಜ್ಜಿ ನೋಡುತ್ತಿದ್ದುದು ಇದನ್ನೇ.

ಇಷ್ಟು ಓದಿ ಗದಗ, ಧಾರವಾಡ ಕಡೆಯ ಗೆಳೆಯರು ಜಗಳಕ್ಕೆ ಬರಬಹುದು. ಅವರ ಉಳ್ಳಾಗಡ್ಡಿ ಕರಿಮಣ್ಣಿನಲ್ಲೇ ತಾನೆ ಬೆಳೆಯುವುದು? ನಿಜ. ಮಳೆ ಕಡಿಮೆ ಇರುವ, ಮಳೆಯನ್ನೇ ನಂಬಿ ಬೆಳೆಯುವ ಬಯಲಿನಲ್ಲಿ ತೇವವನ್ನು ಹಿಡಿದಿಡುವ ಕರಿಮಣ್ಣೇ ಕಾಪಾಡುತ್ತದೆ. ತಮಿಳುನಾಡಿನ ಕೃಷಿ ವಿಶ್ವವಿದ್ಯಾಲಯವೂ ಸಣ್ಣ ಈರುಳ್ಳಿಗೆ ಕೆಂಪು ಗೋಡಿನಿಂದ ಕರಿಮಣ್ಣಿನವರೆಗೆ ಆಗಬಹುದೆನ್ನುತ್ತದೆ. ಆದರೆ ನೀರು ಬಸಿದುಹೋಗಬೇಕೆಂಬ ಷರತ್ತು ಹಾಕುತ್ತದೆ. ನಮ್ಮ ಎರೆ ಹೊಲ ಹಳ್ಳದ ಪಕ್ಕದ ತಗ್ಗು. ಅಲ್ಲಿ ಆ ಷರತ್ತೇ ಸೋತಿತ್ತು.

ಬಣ್ಣದಿಂದ ಅಂಕಿಗೆ

ಎರೆ, ಕೆಬ್ಬೆ, ಮರಳು, ಜವುಳು, ಗೋಡು, ಗೊರಸು ಎಂದು ನಮ್ಮ ರೈತರು ಮಣ್ಣಿಗೆ ಹೆಸರಿಟ್ಟದ್ದು ಬಹಳ ಹಿಂದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಊರೂರಿನಲ್ಲಿ ರೈತರನ್ನು ಕೂರಿಸಿಕೊಂಡು ಯಾವ ಮಣ್ಣಿಗೆ ಯಾವ ಹೆಸರು, ಯಾವ ಬೆಳೆ ಎಂದು ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ನಮ್ಮ ಹಳ್ಳಿಗಾಡಿನ ಮಣ್ಣಿನ ಮಾತುಗಳು ವಕ್ರ ಇಂಗ್ಲಿಷ್ ಕಾಗುಣಿತದಲ್ಲಿ ಉಳಿದುಕೊಂಡಿವೆ.

ಮುಂದೆ ಬಂದವರು ರಸಾಯನಶಾಸ್ತ್ರಜ್ಞರು. ಭಾರತದ ಬೇಸಾಯವನ್ನು ಸುಧಾರಿಸುವುದು ಹೇಗೆಂದು ಹೇಳಲು 1889ರಲ್ಲಿ ಜಾನ್ ಆಗಸ್ಟಸ್ ವೋಲ್ಕರ್ ಬಂದರು. ವರ್ಷಕ್ಕೂ ಮಿಕ್ಕಿ ಸುತ್ತಾಡಿ 1893ರಲ್ಲಿ ವರದಿ ಪ್ರಕಟಿಸಿದರು. ಇಲ್ಲಿನ ರೈತನಿಗೆ ಕಲಿಸುವುದು ಅಂಥದ್ದೇನೂ ಇಲ್ಲ, ಬೇಸಾಯದಲ್ಲಿ ಆತ ಬ್ರಿಟನ್ನಿನ ಸಾಧಾರಣ ರೈತನಿಗೆ ಸಾಟಿ, ಕೆಲವು ಕಡೆ ಮಿಗಿಲು ಎಂಬ ಅರ್ಥದ ಮಾತನ್ನು ಬರೆದು ಸರ್ಕಾರವನ್ನೇ ಅಚ್ಚರಿಗೊಳಿಸಿದರು. ಸೌದೆ ಸಿಗದೆ ಜನ ಸಗಣಿಯನ್ನು ಒಲೆಗೆ ಹಾಕುತ್ತಿರುವುದರಿಂದ ಮಣ್ಣಿಗೆ ಗೊಬ್ಬರ ತಪ್ಪುತ್ತಿದೆ ಎಂದು ದೂರಿದವರೂ ಅವರೇ. ಅವರ ಹಿಂದೆಯೇ ಬಂದ ಲೆದರ್ ಎಂಬ ಕೃಷಿ ರಸಾಯನಶಾಸ್ತ್ರಜ್ಞ ದೇಶದ ಮಣ್ಣನ್ನೆಲ್ಲ ನಾಲ್ಕು ಗುಂಪಿಗೆ ತಂದರು: ಮೆಕ್ಕಲು, ಕಪ್ಪು, ಕೆಂಪು, ಜಂಬಿಟ್ಟಿಗೆ. ಶಾಲೆಯ ಭೂಗೋಳದಲ್ಲಿ ನಾವು ಬಾಯಿಪಾಠ ಮಾಡಿದ ಪಟ್ಟಿಯ ಬುನಾದಿ ಅದು. ಊರಿಗೊಂದರಂತಿದ್ದ ಹೆಸರುಗಳ ಜಾಗದಲ್ಲಿ ನಾಲ್ಕು ಬಣ್ಣ ಉಳಿದವು.

ಮೈಸೂರು ಸಂಸ್ಥಾನ ಇದರಲ್ಲಿ ಹಿಂದೆ ಬೀಳಲಿಲ್ಲ. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಯೋಗಕ್ಷೇತ್ರಕ್ಕೆಂದು ಮೂವತ್ತು ಎಕರೆ ಕೊಟ್ಟರು. ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ಅಳೆಯುವ ಕೆಲಸ ಅಲ್ಲಿ ಡಾ. ಲೆಹ್ಮನ್ ಅವರಿಂದ ಶುರುವಾಯಿತು. 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಅದನ್ನು ಬೆಳೆಸಿದರು. ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ಅತ್ತ ಮದ್ರಾಸ್ ಪ್ರಾಂತ್ಯದಲ್ಲಿ ಸೈದಾಪೇಟೆಯಲ್ಲಿ ಹುಟ್ಟಿದ ಕೃಷಿ ಶಾಲೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕೊಯಮತ್ತೂರಿಗೆ ಹೋಯಿತು. ಸಣ್ಣ ಈರುಳ್ಳಿಯ ಹೆಸರಾಂತ ‘ಸಿಒ’ ತಳಿಗಳು ಬಂದದ್ದು ಆ ಊರಿನಿಂದಲೇ.

ಸ್ವಾತಂತ್ರ್ಯದ ನಂತರ ಮಣ್ಣು ಅಂಕಿಯಾಯಿತು. 1955-56ರಲ್ಲಿ ಅಮೆರಿಕದ ನೆರವಿನಿಂದ ಮಣ್ಣು ಪರೀಕ್ಷಾ ಪ್ರಯೋಗಾಲಯಗಳು ತೆರೆದವು. ರಸಸಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್. ಆದರೆ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಮಣ್ಣಿನಲ್ಲಿ ಇಂಥದ್ದು ಇಷ್ಟಿದೆ ಎಂದರೆ ಫಸಲು ಎಷ್ಟು ಬರುತ್ತದೆ? ಬೇರೆ ಬೇರೆ ಊರಿನ ಹೊಲಗಳನ್ನು ಹೋಲಿಸಿದರೆ ಮಳೆ, ತಳಿ, ರೈತನ ಕೈ ಎಲ್ಲ ಬೆರೆತು ಲೆಕ್ಕ ಕೆಡುತ್ತದೆ. 1967ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಬಿ. ರಾಮಮೂರ್ತಿ ಮತ್ತು ಸಂಗಡಿಗರು ಒಂದು ಜಾಣ ದಾರಿ ಕಂಡುಕೊಂಡರು. ಒಂದೇ ಹೊಲವನ್ನು ಪಟ್ಟಿಗಳಾಗಿ ಹಂಚಿ, ಒಂದಕ್ಕೆ ಗೊಬ್ಬರ ಕೊಡದೆ, ಇನ್ನೊಂದಕ್ಕೆ ಹದವಾಗಿ, ಮತ್ತೊಂದಕ್ಕೆ ಧಾರಾಳವಾಗಿ ಕೊಟ್ಟು, ಒಂದು ಬೆಳೆ ತೆಗೆದು ಫಲವತ್ತತೆಯ ಮೆಟ್ಟಿಲುಗಳನ್ನು ತಾವೇ ಕಟ್ಟುವುದು. ಆಮೇಲೆ ಅದರ ಮೇಲೆ ನಿಜವಾದ ಪ್ರಯೋಗದ ಬೆಳೆ. ಬಿತ್ತನೆ, ಬಿಸಿಲು, ಮಳೆ ಎಲ್ಲ ಒಂದೇ. ಬದಲಾಗುವುದು ಮಣ್ಣು ಮಾತ್ರ. ಇದನ್ನು ಮೊದಲ ಬಾರಿ ಓದಿದಾಗ ನನಗೆ ನೆನಪಾದದ್ದು ನಮ್ಮ ಎರಡು ಹೊಲಗಳೇ.

ಮಣ್ಣಿನ ಎಷ್ಟೋ ಗುಟ್ಟುಗಳನ್ನು ಅಂಕಿಗಳು ಬಯಲು ಮಾಡಿದವು. ಉಪ್ಪಿನದ್ದನ್ನೇ ನೋಡಿ. 1977ರಲ್ಲಿ ಅಮೆರಿಕದ ಮಾಸ್ ಮತ್ತು ಹಾಫ್ಮನ್ ಯಾವ ಬೆಳೆ ಎಷ್ಟು ಉಪ್ಪನ್ನು ತಾಳುತ್ತದೆ ಎಂಬ ಪಟ್ಟಿ ಪ್ರಕಟಿಸಿದರು. ಈರುಳ್ಳಿ ಅದರಲ್ಲಿ ತೀರ ಸೂಕ್ಷ್ಮದವರ ಸಾಲಿನಲ್ಲಿದೆ. ಮಣ್ಣಿನ ಲವಣಾಂಶ ಮೀಟರಿಗೆ 1.2 ಡೆಸಿಸೀಮನ್ಸ್ ದಾಟಿದರೆ, ಮುಂದಿನ ಒಂದೊಂದು ಮಾನಕ್ಕೂ ಇಳುವರಿ ಶೇ. 16ರಷ್ಟು ಬೀಳುತ್ತದೆ. ಅಂದರೆ 4.3ಕ್ಕೆ ಬರುವಷ್ಟರಲ್ಲಿ ಅರ್ಧ ಬೆಳೆ ಹೋಯಿತು. ಬಾರ್ಲಿಯಂಥ ಬೆಳೆ 8ರವರೆಗೂ ಏನೂ ಆಗದಂತೆ ನಿಲ್ಲುತ್ತದೆ. ಕೊಳವೆಬಾವಿ ಆಳವಾದಂತೆ ಉಪ್ಪುನೀರು ಮೇಲೆ ಬಂದು, ಹೊಲದ ಮೇಲೆ ಬಿಳಿ ಪುಡಿ ಕೂತ ಊರುಗಳಲ್ಲಿ ಈರುಳ್ಳಿಯೇ ಮೊದಲು ಕೈಕೊಡುವುದು ಇದಕ್ಕೆ.

ಇನ್ನೊಂದು ಗುಟ್ಟು ಗಂಧಕ. ಈರುಳ್ಳಿ ಹೆಚ್ಚುವಾಗ ಕಣ್ಣೀರು ತರಿಸುವುದು ಗಂಧಕದ ಸಂಯುಕ್ತಗಳು. ಗಿಡ ಆ ಗಂಧಕವನ್ನು ಎತ್ತಿಕೊಳ್ಳುವುದು ಮಣ್ಣಿನಿಂದ. ಅಮೆರಿಕದ ಜಾರ್ಜಿಯಾದಲ್ಲಿ 1931ರಲ್ಲಿ ಮೋಸಸ್ ಕೋಲ್ಮನ್ ಎಂಬ ರೈತ ತನ್ನ ಮರಳುಹೊಲದಲ್ಲಿ ಖಾರವೇ ಇಲ್ಲದ ಸಿಹಿ ಈರುಳ್ಳಿ ಬಂದದ್ದನ್ನು ಕಂಡು ಬೆರಗಾದ. ಆ ಮಣ್ಣಿನಲ್ಲಿ ಗಂಧಕ ತೀರ ಕಡಿಮೆ ಇತ್ತು. ಅದೇ ಮುಂದೆ ‘ವಿಡಾಲಿಯಾ’ ಎಂದು ಹೆಸರಾಯಿತು. ನಮ್ಮಲ್ಲಿ ಕಥೆ ತಿರುಗುಮುರುಗು. ಸಾಂಬಾರ್ ಈರುಳ್ಳಿಗೆ ಖಾರವೇ ಬೆಲೆ. 1906ರಲ್ಲಿ ಮದ್ರಾಸಿನ ಹತ್ತಿರದ ರಾಣಿಪೇಟೆಯಲ್ಲಿ ತಯಾರಾಗತೊಡಗಿದ ಸೂಪರ್ ಫಾಸ್ಫೇಟ್, ಸ್ವಾತಂತ್ರ್ಯಕ್ಕೆ ಮುಂಚೆಯೇ ಮೈಸೂರಿನ ಬೆಳಗೊಳದಲ್ಲೂ 1951ರಿಂದ ಸಿಂದ್ರಿಯಲ್ಲೂ ಮಾಡಿದ ಅಮೋನಿಯಂ ಸಲ್ಫೇಟ್, ಎರಡರಲ್ಲೂ ಕೇಳದೆಯೇ ಗಂಧಕ ಸಿಗುತ್ತಿತ್ತು. ಮೊದಲನೆಯದರಲ್ಲಿ ಶೇ. 11ರಷ್ಟು, ಎರಡನೆಯದರಲ್ಲಿ ಶೇ. 24ರಷ್ಟು. ಹಸಿರು ಕ್ರಾಂತಿಯ ನಂತರ ಆ ಜಾಗಕ್ಕೆ ಯೂರಿಯಾ, ಡಿಎಪಿ ಬಂದವು. ಸಾರಜನಕ, ರಂಜಕ ಹೆಚ್ಚಿತು. ಗಂಧಕ ಸದ್ದಿಲ್ಲದೆ ಖಾಲಿಯಾಗುತ್ತ ಬಂತು. ‘ಮೊದ್ಲಿನ ಘಾಟಿಲ್ಲ’ ಎಂದು ನಮ್ಮ ಅಜ್ಜಿ ಗೊಣಗುತ್ತಿದ್ದುದನ್ನು ವಯಸ್ಸಿನ ನಾಲಿಗೆ ಎಂದು ನಾವು ನಕ್ಕಿದ್ದೆವು.

ಎರಡಡಿ ಮಣ್ಣು

ಇನ್ನು ನನ್ನ ತಪ್ಪಿನ ವಿಷಯ.

ಚೆನ್ನೈಗೆ ಬಂದ ಕೆಲವು ವರ್ಷಕ್ಕೆ ಅಪ್ಪನ ಫೋನು ಬಂತು. ‘ರೋಡ್ ಕೆಲ್ಸದೋರು ಮಣ್ಣ ಕೇಳ್ತಾವ್ರ ಮಗ. ಮ್ಯಾಲಿನ ಹೊಲದ್ದು. ಎರಡಡಿ ತಗೀತಾರಂತ. ಏನ್ ಮಾಡನ?’ ಆ ವರ್ಷ ಈರುಳ್ಳಿಗೆ ಬೆಲೆ ಇರಲಿಲ್ಲ, ತಂಗಿಯ ಮದುವೆಯ ಸಾಲ ತಲೆಯ ಮೇಲಿತ್ತು. ನಾನು ಮೀಟಿಂಗ್ ನಡುವೆ ಎದ್ದು ಬಂದು ಫೋನ್ ಎತ್ತಿದ್ದೆ. ‘ಮಣ್ಣು ತಾನೆ ಅಪ್ಪ, ಕೊಟ್ಟುಬಿಡು. ಹೊಲ ಎಲ್ಲೂ ಹೋಗಲ್ಲವಲ್ಲ’ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಯ್ತು ಬುಡು’ ಎಂದರು. ಅವರಿಗೆ ನನ್ನಿಂದ ‘ಬೇಡ’ ಎಂಬ ಮಾತು ಬೇಕಿತ್ತೇನೋ ಎಂದು ಈಗ ಅನ್ನಿಸುತ್ತದೆ.

ಜೆಸಿಬಿ ನಾಲ್ಕು ದಿನ ಕೆಲಸ ಮಾಡಿತಂತೆ. ಹಬ್ಬಕ್ಕೆ ಊರಿಗೆ ಹೋದಾಗ ನೋಡಿದೆ. ಬದು ಮೇಲೆ, ಹೊಲ ಕೆಳಗೆ. ಕೆಂಪು ಇನ್ನೂ ಕೆಂಪೇ ಇತ್ತು, ಆದರೆ ಕಾಲಿಟ್ಟರೆ ಅಮುಕುತ್ತಿರಲಿಲ್ಲ. ಕೆಂಪುಮಣ್ಣಿನ ಹೊಲಗಳಲ್ಲಿ ಮೇಲಿನ ಪದರದ ಜೇಡಿ ನೂರಾರು ವರ್ಷಗಳ ಮಳೆಯ ಜೊತೆ ಇಳಿದು ಕೆಳಗಿನ ಪದರದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ನಾವು ಮಾರಿದ್ದು ಸಡಿಲ ಭಾಗವನ್ನು. ಉಳಿದದ್ದು ಆ ಗಟ್ಟಿ ಜೇಡಿ, ನಡುನಡುವೆ ಗೊರಸು. ಮರುವರ್ಷ ಅದೇ ಬಿತ್ತನೆ ಹಾಕಿದರು. ಒಂದಕ್ಕೆ ಎರಡೂವರೆ. ಗಡ್ಡೆಗಳು ಕಡಲೆಗಿಂತ ಸ್ವಲ್ಪ ದಪ್ಪ. ಗೊಬ್ಬರ ಹೆಚ್ಚು ಹಾಕಿ ನೋಡಿದರು, ಸೊಪ್ಪು ಬಂತು, ಗಡ್ಡೆ ಬರಲಿಲ್ಲ. ಮೂರನೆಯ ವರ್ಷ ಬಿತ್ತನೆಗಾಗುವಷ್ಟೂ ಉಳಿಯದೆ ತಾತನ ಕಾಲದ ಆ ತಳಿ ನಮ್ಮ ಅಟ್ಟದಿಂದ ಹೊರಟುಹೋಯಿತು. ಹೊಲ ಎಲ್ಲೂ ಹೋಗಿರಲಿಲ್ಲ. ನಾನು ಹೇಳಿದ್ದು ಅಷ್ಟರಮಟ್ಟಿಗೆ ಸರಿಯೇ.

2015ರ ಫೆಬ್ರವರಿಯಲ್ಲಿ ಮಣ್ಣು ಆರೋಗ್ಯ ಕಾರ್ಡಿನ ಯೋಜನೆ ಬಂದ ಮೇಲೆ ತಮ್ಮ ಆ ಹೊಲದ ಮಣ್ಣು ಕೊಟ್ಟು ಪರೀಕ್ಷೆ ಮಾಡಿಸಿದ. ಕಾರ್ಡಿನ ಫೋಟೋ ವಾಟ್ಸಾಪಿನಲ್ಲಿ ಬಂತು. ಸಾವಯವ ಇಂಗಾಲ ಶೇ. 0.21. ಅರ್ಧಕ್ಕಿಂತ ಕಡಿಮೆಯಿದ್ದರೆ ‘ಕಡಿಮೆ’ ಎಂದು ಬರೆಯುತ್ತಾರೆ. ಗಂಧಕ ಕಡಿಮೆ, ಸತು ಕಡಿಮೆ. ಅದೇ ವರ್ಷ ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಬೆಂಗಳೂರು ಗುಲಾಬಿ ಈರುಳ್ಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಒಂದು ನೆಲದ ಗುಣವೇ ಒಂದು ಗಡ್ಡೆಯ ಹೆಸರಾಗುತ್ತದೆ ಎಂದು ಸರ್ಕಾರವೇ ಕಾಗದದಲ್ಲಿ ಒಪ್ಪಿತ್ತು. ಆ ಸುದ್ದಿಯನ್ನು ಆಫೀಸಿನ ಕ್ಯಾಂಟೀನಿನಲ್ಲಿ ಓದುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗಿತ್ತು.

ಮತ್ತೆ ಗೇಣು

ಒಂದು ಇಂಚು ಮೇಲ್ಮಣ್ಣು ತಾನಾಗಿ ಹುಟ್ಟಲು ನೂರಾರು ವರ್ಷ ಬೇಕು. ಆದರೆ ನಮ್ಮ ಹಿಂದಿನವರು ಹೊಲ ಕಟ್ಟಿದ್ದು ಬರೀ ಕಾಯುತ್ತ ಕೂತು ಅಲ್ಲ. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಯಲ್ಲಿ ಹೊಡೆಯುತ್ತಿದ್ದರು, ಕುರಿಮಂದೆ ಹಾಕಿಸುತ್ತಿದ್ದರು, ತಿಪ್ಪೆಯನ್ನು ವರ್ಷವೆಲ್ಲ ಸಾಕುತ್ತಿದ್ದರು. ಆ ಗೇಣು ಮಣ್ಣಿನಲ್ಲಿ ಬಂಡೆಯ ಪಾಲಿನಷ್ಟೇ ಅವರ ಬೆನ್ನಿನ ಪಾಲೂ ಇತ್ತು.

ತಮ್ಮ ಈಗ ಅದನ್ನೇ ಮಾಡುತ್ತಿದ್ದಾನೆ. ಕೆರೆ ಹೂಳೆತ್ತಿದ ವರ್ಷ ಟ್ರ್ಯಾಕ್ಟರಿನಲ್ಲಿ ಗೋಡು ಹೊಡೆಸಿದ. ಜೇಡಿ ನೆಲದ ಮೇಲೆ ಬರೀ ಗೋಡು ಸುರಿದರೆ ಕೆಸರಾಗುತ್ತದೆಂದು ಹಳ್ಳದ ಮರಳುಮಣ್ಣನ್ನೂ ಬೆರೆಸಿದ. ಮುಂಗಾರಿಗೆ ಸೆಣಬು ಬಿತ್ತಿ ಹೂವಿಗೆ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸುತ್ತಾನೆ. ಎರಡು ವರ್ಷಕ್ಕೊಮ್ಮೆ ಮಂದೆ ಹಾಕಿಸುತ್ತಾನೆ, ಅದರ ದುಡ್ಡು ನನ್ನದು. ಡಿಎಪಿ ಬಿಟ್ಟು ಸೂಪರ್ ಫಾಸ್ಫೇಟಿಗೆ ಮರಳಿದ್ದಾನೆ. ಬಿತ್ತನೆಗಡ್ಡೆ ಮಾತ್ರ ಹೊರಗಿನದು. ಹೋದ ವರ್ಷ ಒಂದಕ್ಕೆ ಐದು ಬಂತು. ಅಪ್ಪ ಅದನ್ನು ನೋಡಲು ಇರಲಿಲ್ಲ. ಇದ್ದಷ್ಟು ದಿನವೂ ಅವರು ಆ ಫೋನಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ, ನನಗೂ ಎತ್ತಲು ಬಾಯಿ ಬರಲಿಲ್ಲ.

ಇದನ್ನು ಓದುವವರಲ್ಲಿ ನನ್ನ ಹಾಗೆ ದೂರದ ಊರಿನಲ್ಲಿ ಕೂತು ಫೋನಿನಲ್ಲಿ ಹೊಲದ ತೀರ್ಮಾನ ಮಾಡುವವರು ಬಹಳ ಮಂದಿ ಇದ್ದೀರಿ. ಭೂಮಿ ಮಾರುವುದಕ್ಕೆ ಸಹಿ ಬೇಕು, ನೋಂದಣಿ ಬೇಕು. ಮೇಲ್ಮಣ್ಣು ಮಾರುವುದಕ್ಕೆ ‘ಆಯ್ತು’ ಎಂಬ ಒಂದು ಮಾತು ಸಾಕಾಗಿಬಿಡುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಹೊಲದಲ್ಲೊಮ್ಮೆ ಕೂತು, ಗೇಣು ಆಳ ಅಗೆದು, ಕೈತುಂಬ ಮಣ್ಣು ತೆಗೆದು ನೋಡಿ. ಪುಡಿಪುಡಿಯಾಗಿ, ತಣ್ಣಗೆ, ಮಳೆಯ ವಾಸನೆ ಬಂದರೆ, ಯಾರು ಎಷ್ಟೇ ಕೇಳಲಿ, ಕೊಡಬೇಡಿ.

ಹೋದ ತಿಂಗಳು ತಮ್ಮ ಅರ್ಧ ಚೀಲ ಈರುಳ್ಳಿ ಬಸ್ಸಿಗೆ ಹಾಕಿ ಕಳಿಸಿದ್ದ. ಕೋಯಂಬೇಡಿನ ಆ ಅಂಗಡಿಯಲ್ಲಿ ಈಗ ಹಿರಿಯರ ಮಗ ಕೂರುತ್ತಾನೆ. ಒಂದು ಗೊಂಚಲು ಕೊಟ್ಟೆ. ಅವನೂ ಬುಡದ ಮಣ್ಣನ್ನು ಬೆರಳಲ್ಲಿ ಉಜ್ಜಿದ, ಬೆಳಕಿಗೆ ಹಿಡಿದ, ಸ್ವಲ್ಪ ಹೊತ್ತು ಗೊಂದಲದಲ್ಲಿ ನೋಡಿದ. ‘ಸೆಮ್ಮಣ್ಣೂ ಅಲ್ಲ, ಕರಿಸಲೂ ಅಲ್ಲ. ಎಲ್ಲಿಯದು ಸಾರ್ ಇದು?’ ಎಂದ. ನಮ್ಮದೇ ಎಂದೆ.